ಕೊಟ್ರಪ್ಪ ಜರಡಿ ಹಿಡಿದ ಭಂಡಾರ

ಕೊಟ್ರಪ್ಪನ ಮೇಲೆ ನನಗೆ ಹಳೆಯ ಸಿಟ್ಟೊಂದಿದೆ. ಅದು ರೊಟ್ಟಿಯ ಸಿಟ್ಟು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ದಾನೇಶ್ವರಿ ಒಂದೇ ಕಡೆಗೆ ವಾಲಿ ಮಾತಾಡಿದಳು ಅನ್ನಬಾರದು.

ಚಂದಾಪುರದಲ್ಲಿ ಆನೇಕಲ್ಲಿನ ಕಡೆ ಹೊರಳುವ ರಸ್ತೆಯಲ್ಲಿ ನನ್ನದೊಂದು ಖಾನಾವಳಿ ಇದೆ. ಎದುರಿಗೇ ಕೊಟ್ರಪ್ಪನ ಫೋಟೋ ಸ್ಟುಡಿಯೋ. ಒಂದು ಸಂಜೆ, ಹೊಸ ಬೋರ್ಡಿಗೆ ಬೇಕೆಂದು, ನನ್ನ ಜೋಳದ ರೊಟ್ಟಿಯ ಫೋಟೋ ತೆಗೆದುಕೊಡು ಅಂದೆ. ತೆಗೆದ. ಒಲೆಯ ಹತ್ತಿರ ಬೆಳಕು ಕಡಿಮೆ ಇತ್ತಂತೆ, ಫೋಟೋದಲ್ಲಿ ರವೆ ಬಂದಿತ್ತಂತೆ, ಕಂಪ್ಯೂಟರಿಗೆ ಹಾಕಿ ಜರಡಿ ಹಿಡಿದನಂತೆ. ಬೋರ್ಡು ಬಂದಾಗ ನೋಡಿದರೆ ರೊಟ್ಟಿಯ ಮೇಲೆ ಒಂದು ಸುಟ್ಟ ಕಲೆ ಇಲ್ಲ, ಒಂದು ಉಬ್ಬಿಲ್ಲ, ಅಂಚಿನಲ್ಲಿ ಒಂದು ಸೀಳಿಲ್ಲ. ಸ್ಟೀಲ್ ತಟ್ಟೆಯನ್ನು ಬೆಳಗಿ ಬೋರಲು ಹಾಕಿದ ಹಾಗಿತ್ತು. ಆ ವಾರವೆಲ್ಲ ಗಿರಾಕಿಗಳು ಬಂದು, "ಅಕ್ಕಾ, ಮೈದಾ ಐಟಂ ಶುರು ಮಾಡಿದ್ರಾ?" ಎಂದು ಕೇಳಿದರು. ಮೈದಾ. ನನ್ನನ್ನು.

ಅವನು ಮಾತ್ರ ಬೋರ್ಡಿನ ಕೆಳಗೆ ನಿಂತು, ಕೈಕಟ್ಟಿ, "ಎಷ್ಟ್ ಕ್ಲೀನಾಗಿದೆ ನೋಡಕ್ಕ" ಅಂದ. ಅವನ ಪ್ರಕಾರ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅವನು ಕೊಟ್ಟೂರಿನ ಕಡೆಯವನು. ಇಲ್ಲಿಗೆ ಬಂದ ಹೊಸದರಲ್ಲಿ ಮದುವೆ ವಿಡಿಯೋದವನೊಬ್ಬನ ಹತ್ತಿರ ಲೈಟು ಹಿಡಿಯುವ ಕೆಲಸ ಮಾಡುತ್ತಿದ್ದ. ವಿಡಿಯೋದವನು "ಎತ್ತು, ಇನ್ನೂ ಎತ್ತು" ಅನ್ನುವುದು, ಇವನು ಉರಿಯುವ ಲೈಟನ್ನು ತಲೆಯ ಮೇಲಕ್ಕೆ ಎತ್ತುವುದು. ಪಂಕ್ತಿಯಲ್ಲಿ ಕೂತವರೆಲ್ಲ ಹೋಳಿಗೆ ಮುರಿಯುವಾಗ ಇವನು ಲೈಟು ಹಿಡಿದು ಅವರ ಬಾಯಿ ನೋಡುತ್ತ ನಿಂತಿರುತ್ತಿದ್ದ. ಕತ್ತಲೆಯ ಮೇಲೆ ಅವನಿಗೆ ಹಗೆ ಹುಟ್ಟಿದ್ದು ಅಲ್ಲಿಂದ ಎಂದು ನನ್ನ ಅಂದಾಜು. ಆಮೇಲೆ ಸ್ವಂತ ಸ್ಟುಡಿಯೋ ಇಟ್ಟ. ಫ್ಯಾಕ್ಟರಿಯ ಗೇಟ್ ಪಾಸಿಗೆ, ಬಾಡಿಗೆ ಕರಾರಿಗೆ ಎಂದು ಜನ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಅವನ ಕ್ಯಾಮೆರಾ ಬೀರುವಿನೊಳಗೆ ಮಲಗಿತು.

ಅವನನ್ನು ಉಳಿಸಿದ್ದು ನಮ್ಮ ಬಾಡಿಗೆ ರೂಮುಗಳು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕಾಣುವಂಥ ರೂಮುಗಳು. ಮಗುವಿನ ಹುಟ್ಟುಹಬ್ಬ, ಸೀಮಂತ, ಸಣ್ಣಪುಟ್ಟ ಪೂಜೆ ಎಲ್ಲವೂ ಅಲ್ಲಿ ಶಿಫ್ಟು ಮುಗಿದ ಮೇಲೆ, ಒಂದು ಹಳದಿ ಬಲ್ಬಿನ ಕೆಳಗೆ ನಡೆಯುತ್ತವೆ. ಅಷ್ಟು ಬೆಳಕಿನಲ್ಲಿ ಫೋಟೋ ತೆಗೆದರೆ ಫೋನು ತಡಕಾಡುತ್ತದೆ. ಕಾಣದ್ದನ್ನು ಕಂಡೆ ಕಂಡೆ ಎನ್ನುತ್ತ, ಇಲ್ಲದ ಕೆಂಪು, ಹಳದಿ, ನೀಲಿ ಚುಕ್ಕೆಗಳನ್ನು ಗೋಡೆಗೂ ಮುಖಕ್ಕೂ ಎರಚಿಬಿಡುತ್ತದೆ. ಕಂಪ್ಯೂಟರಿನಲ್ಲಿ ಅದರ ಹೆಸರು ನಾಯ್ಸ್. ಫೋಟೋದೊಳಗೆ ಎಂಥ ಗದ್ದಲ ಎಂದು ಗಿರಾಕಿಗಳು ಕೇಳಿದ್ದಕ್ಕೆ ಕೊಟ್ರಪ್ಪ ಅದನ್ನು ರವೆ ಎಂದು ಕರೆದ. ರವೆ ತೆಗೆದು, ದೊಡ್ಡದು ಮಾಡಿ, ಫ್ರೇಮು ಹಾಕಿ ಕೊಡುವುದು ಅವನ ಹೊಸ ಕಸುಬಾಯಿತು.

ಕೆಲಸ ಕಷ್ಟದ್ದಲ್ಲ, ನಾನೇ ಕೂತು ನೋಡಿದ್ದೇನೆ. ತೆರೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಗುಂಡಿ. ಗುಂಡಿಯನ್ನು ಬಲಕ್ಕೆ ಸರಿಸಿದಷ್ಟೂ ರವೆ ಕಡಿಮೆಯಾಗುತ್ತದೆ. ಸ್ವಲ್ಪ ಸರಿಸಿದರೆ ಕಣ್ಣಿಗೆ ಹಿತ. ಹೆಚ್ಚಾದರೆ ರವೆಯ ಜೊತೆಗೆ ಚರ್ಮದ ಗೆರೆ, ಸೀರೆಯ ನೇಯ್ಗೆ, ಮೀಸೆಯ ಕೂದಲು ಎಲ್ಲ ಕರಗಿ ಹೋಗುತ್ತವೆ. ಕೊಟ್ರಪ್ಪ ಗುಂಡಿಯನ್ನು ನಡುವೆ ನಿಲ್ಲಿಸಿದ್ದನ್ನು ನಾನು ಕಾಣಲಿಲ್ಲ. ಕೊನೆ ಮುಟ್ಟಿಸಿಯೇ ಕೈ ತೆಗೆಯುತ್ತಿದ್ದ.

ಜನರಿಗೂ ಅದೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಕಂಪನಿ ಬಸ್ಸಿನ ಡ್ರೈವರ್ ಸೋಮಪ್ಪ ತನ್ನ ಮದುವೆ ವಾರ್ಷಿಕೋತ್ಸವದ ಫೋಟೋ ಕೊಟ್ಟ. ಜರಡಿ ಹಿಡಿದು ಬಂದಾಗ ಅವನ ನೆರೆಮೀಸೆ ಕಪ್ಪಾಗಿ, ಕೆನ್ನೆ ಬೇಯಿಸಿದ ಮೊಟ್ಟೆಯಾಗಿ, ನೋಡಿದವರು "ಅಳಿಯನಾ?" ಎಂದು ಕೇಳುವಂತಾಗಿತ್ತು. ಸೋಮಪ್ಪ ಕುಣಿದಾಡಿ ಇನ್ನೊಂದು ಫ್ರೇಮು ಮಾಡಿಸಿಕೊಂಡ.

ಕೊಟ್ರಪ್ಪನಿಗೆ ಇನ್ನೆರಡು ಅಭ್ಯಾಸಗಳಿದ್ದವು, ಕಥೆಗೆ ಅವು ಬೇಕು. ಒಂದು, ಯಾರ ಫೋನು ತಂದರೂ ಫೋಟೋವನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಂಡು ಫೋನಿನಲ್ಲಿ ಅಳಿಸಿಬಿಡುತ್ತಿದ್ದ. ಮೆಮರಿ ಫುಲ್ ಎಂದು ಒದ್ದಾಡುವ ಜನಕ್ಕೆ ಅದು ಅವನ ಉಚಿತ ಸೇವೆ. ಜರಡಿ ಹಿಡಿದ ಮೇಲೆ ಹಳೆಯ ಫೋಟೋವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಅದರ ಮೇಲೆಯೇ ಹೊಸದನ್ನು ಉಳಿಸುತ್ತಿದ್ದ. ಕೇಳಿದರೆ, "ತೂರಿದ್ಮೇಲೆ ಹೊಟ್ಟನ್ನ ಯಾರಾದ್ರೂ ಮನೆಗೆ ತಗೊಂಡೋಗ್ತಾರಾ?" ಅನ್ನುತ್ತಿದ್ದ. ಇನ್ನೊಂದು, ಯಾವುದಾದರೂ ಫೋಟೋ ಮನಸ್ಸಿಗೆ ತೃಪ್ತಿ ಕೊಟ್ಟರೆ ಒಂದೇ ಮುಖವನ್ನು ನಡುವೆ ಗೆರೆ ಎಳೆದು, ಒಂದರ್ಧ ಮೊದಲಿದ್ದ ಹಾಗೆ, ಇನ್ನರ್ಧ ಜರಡಿ ಹಿಡಿದ ಮೇಲಿನ ಹಾಗೆ ಅಚ್ಚು ಹಾಕಿ ಸ್ಟುಡಿಯೋದ ಗಾಜಿನ ಬಾಗಿಲಿಗೆ ಅಂಟಿಸುತ್ತಿದ್ದ. ನನ್ನ ರೊಟ್ಟಿ ಕೂಡ ಅರ್ಧ ರೊಟ್ಟಿ, ಅರ್ಧ ತಟ್ಟೆಯಾಗಿ ಅಲ್ಲಿ ಬಹಳ ದಿನ ಇತ್ತು. ಆದರೆ ಆ ಬಾಗಿಲನ್ನು ಅವನು ಹಗಲೆಲ್ಲ ತೆರೆದು ಗೋಡೆಗೆ ಒರಗಿಸಿಡುತ್ತಿದ್ದ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಬೇಕಲ್ಲ. ಹಾಗಾಗಿ ಅವನ ಜಾಹೀರಾತನ್ನು ಗೋಡೆ ಬಿಟ್ಟು ಬೇರೆ ಯಾರೂ ಓದುತ್ತಿರಲಿಲ್ಲ.

ಇನ್ನು ಸಿದ್ದಕ್ಕನ ವಿಷಯ. ಖಾನಾವಳಿಯ ಹಿಂದಿನ ವಠಾರದಲ್ಲಿ ಅವಳ ರೂಮು, ಹೂವಿನ ಹಡಗಲಿಯ ಕಡೆಯವಳು, ಬೊಮ್ಮಸಂದ್ರದ ಪ್ಲಾಸ್ಟಿಕ್ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಹಣಮಂತ ಸರ್ಜಾಪುರದ ಹತ್ತಿರ ಕಟ್ಟಡದ ಸೆಂಟ್ರಿಂಗ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಇನ್ನು ನಡೆಯುತ್ತಾನೋ ಇಲ್ಲವೋ ಎಂದು ಡಾಕ್ಟರೇ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದರು. ಆಗ ಊರಲ್ಲಿ ಅವನ ತಾಯಿ ಶಿವಲಿಂಗಮ್ಮ ಮೈಲಾರಲಿಂಗನಿಗೆ ಹರಕೆ ಹೊತ್ತಳು: ಮಗ ಎದ್ದು ನಡೆದರೆ ನಿನ್ನ ಪೂಜಾರಿ ಗೊರವಯ್ಯನನ್ನು ಕರೆಸಿ ದೋಣಿ ತುಂಬಿಸುವ ಸೇವೆ ಮಾಡುತ್ತೇನೆ, ಮಗನ ತಲೆಯ ಮೇಲೆ ಭಂಡಾರ ಬೀಳುವುದನ್ನು ಕಣ್ಣಾರೆ ನೋಡುವ ತನಕ ಚಹಾ ಮುಟ್ಟುವುದಿಲ್ಲ.

ಶಿವಲಿಂಗಮ್ಮ ಚಹಾ ಬಿಡುವುದೆಂದರೆ ಏನೆಂದು ಅವಳನ್ನು ಕಂಡವರಿಗೇ ಗೊತ್ತು. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಒಂದು, ಕಸ ಗುಡಿಸಿದರೆ ಒಂದು, ಯಾರಾದರೂ ಬಂದರೆ ಒಂದು, ಬಂದವರು ಹೋದರೆ ಆ ಖುಷಿಗೆ ಒಂದು. ಅಂಥವಳು ಬಿಟ್ಟಳು. ಬಿಟ್ಟ ದಿನದಿಂದ ಅವಳ ತಲೆಶೂಲೆ ಫೋನಿನಲ್ಲಿ ಚಂದಾಪುರದ ತನಕ ಬರತೊಡಗಿತು. ಸೊಸೆಗೆ ಬೈಗುಳ, ಮಗನಿಗೆ ಬೈಗುಳ, ನಡುವೆ ಫೋನು ಎತ್ತಿಕೊಂಡ ತಪ್ಪಿಗೆ ನನಗೂ ಒಂದು ಸಲ.

ಹಣಮಂತ ಎದ್ದು ನಡೆದ. ಮೈಲಾರಕ್ಕೆ ಹೋಗೋಣವೆಂದರೆ ಸಿದ್ದಕ್ಕನ ರಜೆಯೆಲ್ಲ ಆಸ್ಪತ್ರೆಗೆ ಸುರಿದು ಹೋಗಿತ್ತು. ಶಿವಲಿಂಗಮ್ಮ ಇಲ್ಲಿಗೆ ಬರೋಣವೆಂದರೆ ಹರಪನಹಳ್ಳಿಯಲ್ಲಿ ಮಗಳ ಬಾಣಂತನ. "ಅಲ್ಲೇ ಮಾಡ್ರಿ, ಮೈಲಾರಲಿಂಗ ಏನ್ ಚಂದಾಪುರದಾಗ ಇರಂಗಿಲ್ಲೇನು?" ಎಂದು ಅವಳೇ ಹೇಳಿದಳು. ಕಣ್ಣಾರೆ ನೋಡುವುದು ಹೇಗೆ ಎಂಬ ಪ್ರಶ್ನೆಗೆ ಅಮರಪ್ಪ ತೀರ್ಪು ಕೊಟ್ಟ. ಅಮರಪ್ಪ ವಾರವೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಗೇಟಿನಲ್ಲಿ ಸೆಕ್ಯೂರಿಟಿ, ಭಾನುವಾರ ಕಂಬಳಿ ಹೊದ್ದರೆ ಗೊರವಯ್ಯ. "ಫೋನಿನಾಗ ಕಂಡ್ರೂ ಕಂಡಂಗ" ಅಂದ. ಗೇಟಿನಲ್ಲಿ ದಿನವಿಡೀ ಕ್ಯಾಮೆರಾದಲ್ಲೇ ಜನರನ್ನು ನೋಡುವವನ ಮಾತು, ಎಲ್ಲರೂ ಒಪ್ಪಿದರು.

ಭಾನುವಾರ ಸಂಜೆ ವಠಾರದಲ್ಲಿ ಸೇವೆ ನಡೆಯಿತು. ವಿಡಿಯೋ ಕಾಲ್ ಮಾಡಬೇಕೆಂದಿತ್ತು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು, ಅದರ ಬೆನ್ನಿಗೆ ಫೋನಿನ ಸಿಗ್ನಲ್ಲೂ ಹೋಯಿತು. ದೀಪದ ಬೆಳಕಲ್ಲೇ ದೋಣಿಯಂಥ ಪಾತ್ರೆಯಲ್ಲಿ ಅನ್ನ, ಹಾಲು, ತುಪ್ಪ, ಬಾಳೆಹಣ್ಣು ತುಂಬಿಸಿದೆವು. ಅಮರಪ್ಪ ಡಮರುಗ ಬಾರಿಸಿದ. "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಎಂದು ವಠಾರವೆಲ್ಲ ಕೂಗಿತು. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ಅಂಥ ಹೊತ್ತಿನಲ್ಲಿ ಅದು ಅರಿಶಿನವಲ್ಲ. ಹಿಡಿಹಿಡಿಯಾಗಿ ಹಾರಿಸಿದೆವು. ನಾನೂ ಹಣಮಂತನ ತಲೆಯ ಮೇಲೆ ಒಂದು ಹಿಡಿ ಹಾಕಿದೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ. ಎಲ್ಲರ ಕೈಯಲ್ಲೂ ಭಂಡಾರ, ಫೋನು ಮುಟ್ಟುವವರಿಲ್ಲ. ಪಕ್ಕದ ರೂಮಿನ ಈಶಪ್ಪ ಕೈ ಒರೆಸಿಕೊಂಡು ಒಂದೇ ಒಂದು ಫೋಟೋ ತೆಗೆದ.

ಮರುದಿನ ಈಶಪ್ಪ ಆ ಫೋಟೋವನ್ನು ಕೊಟ್ರಪ್ಪನಿಗೆ ಕೊಟ್ಟು, ಸ್ವಲ್ಪ ಚೆಂದ ಮಾಡಿ ಹರಪನಹಳ್ಳಿಯಲ್ಲಿರುವ ಶಿವಲಿಂಗಮ್ಮನ ಅಳಿಯನ ನಂಬರಿಗೆ ಕಳಿಸಿಬಿಡು ಎಂದು ಹೇಳಿ ಡ್ಯೂಟಿಗೆ ಹೋದ. ಸಂಜೆ ಸಿದ್ದಕ್ಕ ಖಾನಾವಳಿಗೆ ಬಂದು ಕೂತಿದ್ದಳು, ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಅವಳೇ ಖುಷಿಯಿಂದ ಸ್ಪೀಕರ್ ಒತ್ತಿದಳು.

"ಸಿದ್ದಕ್ಕ, ಇದು ಸೇವೆ ಐತೋ, ಸೋಪಿನ ಜಾಹೀರಾತ ಐತೋ?" ಎಂದಳು ಶಿವಲಿಂಗಮ್ಮ. "ಭಂಡಾರ ಎಲ್ಲಿ?"

"ಹಾರಸೀವ್ರೀ ಅತ್ತಿ. ತಲೀ ತುಂಬ ಹಾರಸೀವಿ."

"ತಲಿ ನೋಡಿದೆ. ಎಣ್ಣಿ ಹಚ್ಚಿ ಬಾಚಿದಂಗ ಐತಿ. ಹಣ್ಯಾಗ ಒಂದು ಚುಕ್ಕಿ ಇಲ್ಲ. ನನಗ ಚಾ ಕುಡಸಾಕ ಅಂತ ದೇವರ ಮುಂದ ಸುಳ್ಳ ಹೇಳಬ್ಯಾಡ್ರವ್ವಾ." ಇಷ್ಟು ಹೇಳಿ ಫೋನು ಇಟ್ಟಳು. ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ.

ಸಿದ್ದಕ್ಕನ ಕಣ್ಣಲ್ಲಿ ನೀರು ತುಂಬಿತು. ಗಂಡನ ಮಂಚದ ಪಕ್ಕ ಆಸ್ಪತ್ರೆಯ ನೆಲದ ಮೇಲೆ ಮಲಗಿ ಎದ್ದ ಹೆಂಗಸು ಅವಳು. ಕೈ ತುಂಬ ಹರಕೆ ತೀರಿಸಿ ಬಂದು ಸುಳ್ಳಿ ಅನ್ನಿಸಿಕೊಂಡಳು. ನಾನು ಅವಳ ಕೈ ಹಿಡಿದು ರಸ್ತೆ ದಾಟಿದೆ.

"ಸೂಪರಾಗ್ ಬಂತಲ್ವಾ ಸಿದ್ದಕ್ಕ?" ಎಂದು ಕೊಟ್ರಪ್ಪ ಕುರ್ಚಿ ತಿರುಗಿಸಿದ. "ಎಷ್ಟ್ ರವೆ ಇತ್ತು ಗೊತ್ತಾ? ತಲೆ ತುಂಬಾ ಹಳದಿ. ರೂಮಿನ ಬಲ್ಬಿಂದು ಅಂತ ಫಸ್ಟು ಹಳದಿ ಇಳಿಸ್ದೆ, ಆಮೇಲೆ ಜರಡಿ ಹಿಡ್ದೆ."

"ಬಲ್ಬ ಎಲ್ಲಿತ್ತೋ?" ಅಂದೆ ನಾನು. "ಕರೆಂಟೇ ಇರಲಿಲ್ಲ."

ಅವನ ನಗು ನಿಂತಿತು. ತೆರೆಯನ್ನು ನೋಡಿದ, ಸಿದ್ದಕ್ಕನ ಕಿವಿಯ ಹಿಂದೆ ಇನ್ನೂ ಉಳಿದಿದ್ದ ಅರಿಶಿನವನ್ನು ನೋಡಿದ. "ಭಂಡಾರಾನಾ ಅದು?" ಎಂದ.

"ಕೊಟ್ಟೂರಾಂವ ನೀನು," ಅಂದೆ. "ಹುಟ್ಟಿದಾಗಿಂದ ಭಂಡಾರ ನೋಡೀದಿ. ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾಗ್ಬೇಕು ಅಂದ್ರೆ ಫೋಟೋ ನೋಡ್ಬೇಕಲ್ಲಕ್ಕ," ಎಂದ ಕೊಟ್ರಪ್ಪ ಮೆಲ್ಲಗೆ. "ನಾನು ರವೆ ನೋಡ್ತಿದ್ದೆ."

ಹಳೆಯ ಫೋಟೋ ತೆಗಿ ಅಂದೆವು. ಎಲ್ಲಿಂದ ತೆಗೆಯುತ್ತಾನೆ? ಅದರ ಮೇಲೆಯೇ ಹೊಸದನ್ನು ಉಳಿಸಿದ್ದ. ಈಶಪ್ಪನ ಫೋನಿನಲ್ಲೂ ಇರಲಿಲ್ಲ, ಉಚಿತ ಸೇವೆ ಆಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿ ಅಮರಪ್ಪನೂ ಕೊಟ್ಟಿದ್ದ, ಕೊಡದೆ ಹೋದವನು ಫೋಟೋದವನು. ಇನ್ನೊಂದು ಸಲ ಭಂಡಾರ ಹಾರಿಸಿ ಫೋಟೋ ತೆಗೆಯೋಣವೆಂದು ನಾನೇ ಹೇಳಿದೆ. ಸಿದ್ದಕ್ಕ ತಲೆಯಾಡಿಸಿದಳು. "ತೀರಿದ ಹರಕಿ ಮತ್ತ ತೀರಿಸಿದ್ರ ಅದು ನಾಟಕ ಆಕ್ಕೈತ್ರಿ ಅಕ್ಕಾರ."

ಮರುದಿನ ಮಧ್ಯಾಹ್ನ ಕೊಟ್ರಪ್ಪ ಉಪಾಯ ಹುಡುಕಿದ್ದ. ಜೀವಮಾನವೆಲ್ಲ ರವೆ ತೆಗೆದವನು ಅಂದು ರವೆ ಹಾಕುತ್ತ ಕೂತಿದ್ದ. ಆ ಕಂಪ್ಯೂಟರಿನಲ್ಲಿ ಅದಕ್ಕೂ ಒಂದು ಗುಂಡಿ ಇದೆಯಂತೆ. ಹಳದಿ ಬಣ್ಣ ಆರಿಸಿ, ಗುಂಡಿ ಎಳೆದು, ಅಭ್ಯಾಸಬಲದಿಂದ ಅದನ್ನೂ ಕೊನೆ ಮುಟ್ಟಿಸಿದ್ದ. ಹಣಮಂತನ ತಲೆಯ ಮೇಲೇನೋ ಭಂಡಾರ ಬಂದಿತ್ತು. ಹಾಗೆಯೇ ಗೋಡೆಯ ಮೇಲೆ, ಫ್ಯಾನಿನ ಕೆಳಗೆ, ತೆರೆದ ಬಾಯೊಳಗಿನ ಹಲ್ಲಿನ ಮೇಲೆ, ಅಮರಪ್ಪನ ಕಣ್ಣುಗುಡ್ಡೆಯ ಮೇಲೆ ಕೂಡ ಬಂದಿತ್ತು.

"ಭಂಡಾರ ಮ್ಯಾಲಿಂದ ಬೀಳತೈತಿ ಮಾರಾಯಾ," ಅಂದೆ. "ನಿಂದು ಎಲ್ಲಾ ಕಡೆ ಸಾಸಿವಿ ಮೊಳತಂಗ ಮೊಳತೈತಿ."

"ಅಡ್ಜಸ್ಟ್ ಮಾಡ್ತೀನಿ ಅಕ್ಕ. ತಲೆ ಮೇಲೆ ಮಾತ್ರ ಇಡ್ತೀನಿ, ಅಮ್ಮಂಗೆ ಗೊತ್ತೇ ಆಗಲ್ಲ."

ಸಿದ್ದಕ್ಕ ಬಹಳ ಹೊತ್ತು ತೆರೆಯನ್ನೇ ನೋಡಿದಳು. ಅವಳು ಹೂಂ ಅಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. "ಬ್ಯಾಡ್ರಿ ಅಣ್ಣಾ," ಅಂದಳು. "ನಿನ್ನಿ ನಾ ಸುಳ್ಳ ಹೇಳಿಲ್ಲಂತ ನನಗ ಗೊತ್ತಿತ್ತು, ಅದಕ್ಕ ತಡಕೊಂಡೆ. ಇದನ್ನ ಕಳಿಸಿದ್ರ ಅತ್ತಿ ಹೇಳಿದ್ದ ಖರೇ ಆಕ್ಕೈತಿ." ಅಷ್ಟು ಹೇಳಿ ಸೆಕೆಂಡ್ ಶಿಫ್ಟಿನ ಬಸ್ಸು ಹಿಡಿಯಲು ಹೋದಳು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿಯವನು ಕೊಟ್ರಪ್ಪ. ಆ ದಿನ ಮಾತ್ರ ಮೀಸೆಯ ತನಕ ಮಣ್ಣಾಯಿತು. ಎದ್ದು, ಯಾರ ಮುಖವೂ ಬೇಡವೆಂಬಂತೆ, ಹಗಲು ಹೊತ್ತಿನಲ್ಲಿ ಎಂದೂ ಮುಚ್ಚದ ಗಾಜಿನ ಬಾಗಿಲನ್ನು ಎಳೆದು ಮುಚ್ಚಿಕೊಂಡ.

ನಾನು ರಸ್ತೆಯ ಆಚೆ ದಡದಲ್ಲಿ ರೊಟ್ಟಿ ತಟ್ಟುತ್ತ ಅವನಿಗೆ ಮನಸ್ಸಿನಲ್ಲೇ ಮಂಗಳಾರತಿ ಮಾಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಬಾಗಿಲು, ಬಾಗಿಲ ಮೇಲೆ ಹಣಮಂತ. ನಿಜದ ತಲೆಯಷ್ಟೇ ದೊಡ್ಡ ತಲೆ. ನಡುವೆ ಗೆರೆ. ಬಲಗಡೆ "ನಂತರ" ಎಂದು ಬರೆದಲ್ಲಿ ಬೇಯಿಸಿದ ಮೊಟ್ಟೆ. ಎಡಗಡೆ "ಮೊದಲು" ಎಂದು ಬರೆದು, ಅದರ ಮೇಲೆ ಕೆಂಪು ಕಾಟು ಹೊಡೆದಲ್ಲಿ, ಅರ್ಧ ತಲೆ, ಒಂದು ಹುಬ್ಬು, ಒಂದು ಕಿವಿ, ಎಲ್ಲ ಹಳದಿ ಹಳದಿ.

ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡಿದೆ. ಬಾಗಿಲು ಬಡಿದೆ.

"ನಾನಿಲ್ಲ," ಎಂದ ಒಳಗಿನಿಂದ ಕೊಟ್ರಪ್ಪ.

"ನೀ ಇರಬ್ಯಾಡ. ಬಾಗಲಾ ತೆಗಿಬ್ಯಾಡ ಮತ್ತ," ಅಂದೆ. "ಹಂಗ ಇರಲಿ."

ಸೇವೆಯ ಫೋಟೋ ಅವನಿಗೆ ಎಷ್ಟು ತೃಪ್ತಿ ಕೊಟ್ಟಿತ್ತೆಂದರೆ, ಅದನ್ನು ಕಳಿಸಿದ ಕೂಡಲೇ, ಹಳೆಯದರ ಮೇಲೆ ಹೊಸದನ್ನು ಉಳಿಸುವ ಮೊದಲೇ, ಮಾದರಿ ಅಚ್ಚು ಹಾಕಿ ಅಂಟಿಸಿ, ಬಾಗಿಲನ್ನು ಗೋಡೆಗೆ ಒರಗಿಸಿ, ಅದನ್ನು ಮರೆತೇಬಿಟ್ಟಿದ್ದ. ಸಿದ್ದಕ್ಕ ಶಿಫ್ಟಿಗೆ ಹೋಗಿದ್ದಳಲ್ಲ, ಹಣಮಂತನನ್ನೇ ಕರೆಸಿದೆವು. ತನ್ನ ಅರ್ಧ ತಲೆಯ ಮುಂದೆ ನಿಂತು, ಬಿಸಿಲಿನ ಬೆಳಕಲ್ಲಿ, ತಾನೇ ಅದರ ಫೋಟೋ ತೆಗೆದ. ಕೊಟ್ರಪ್ಪ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದ, ಫೋನನ್ನು ಮುಟ್ಟಲಿಲ್ಲ. ಹರಪನಹಳ್ಳಿಗೆ ಹಾಗೆಯೇ ಕಳಿಸಿದೆವು.

ಮರುದಿನ ಬೆಳಿಗ್ಗೆ ಸಿದ್ದಕ್ಕ ಇರುವಾಗಲೇ ಫೋನು ಬಂತು. ಈ ಸಲ ಸ್ಪೀಕರ್ ಒತ್ತಲು ಅವಳಿಗೆ ಧೈರ್ಯವಿರಲಿಲ್ಲ, ನಾನು ಒತ್ತಿದೆ.

"ಎಡಗಡೆ ಇರಾಂವ ನನ್ನ ಮಗ," ಎಂದಳು ಶಿವಲಿಂಗಮ್ಮ. "ಬಲಗಡೆ ಇರಾಂವ ಯಾರೋ ನನಗ ಗೊತ್ತಿಲ್ಲ."

ಕೊಟ್ರಪ್ಪ ಖಾನಾವಳಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ತಡೆಯಲಾಗಲಿಲ್ಲ. "ಅಮ್ಮ, ಅದ್ರಲ್ಲಿ ಸ್ವಲ್ಪ ರವೆನೂ ಇದೆ. ಯಾವ್ದು ರವೆ ಯಾವ್ದು ಭಂಡಾರ ಅಂತ ನಂಗೇ ಗೊತ್ತಾಗ್ತಿಲ್ಲ."

"ನಿನಗ ಹೆಂಗ ಗೊತ್ತಾಗಬೇಕಪ್ಪಾ. ಹುಬ್ಬಿನ ಮ್ಯಾಲೆ ಕುಂತೈತಿ, ಕಿವೀ ಸಂದ್ಯಾಗ ತುಂಬೈತಿ. ಮ್ಯಾಲಿಂದ ಬಿದ್ದದ್ದು ಅದು." ಆಮೇಲೆ ಆ ಕಡೆ ಮಗಳಿಗೆ ಹೇಳಿದ್ದು ಕೇಳಿಸಿತು: "ಅರ್ಧ ಕಪ್ಪ ಹಾಕಿ ತಾ. ಅರ್ಧಾ ತಲಿ ಕಂಡೀನಿ, ಅರ್ಧಾನ ಕುಡೀತೀನಿ."

ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಫೋನಿನಲ್ಲಿ ಸೊರ್ ಎಂದು ಒಂದು ಸದ್ದು ಬಂತು, ಆಮೇಲೆ ಒಂದು ದೊಡ್ಡ ಉಸಿರು. "ಸಿದ್ದಕ್ಕ," ಎಂದಳು ಶಿವಲಿಂಗಮ್ಮ, "ಉಂಡೀಯೇನವ್ವಾ?" ಸಿದ್ದಕ್ಕ ಸೆರಗು ಬಾಯಿಗೆ ಹಿಡಿದಳು.

ಆಮೇಲೆ ಕೊಟ್ರಪ್ಪ ಗುಂಡಿಯನ್ನು ಕೊನೆ ಮುಟ್ಟಿಸುವುದನ್ನು ಬಿಟ್ಟ. ಈಗ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದ್ರಲ್ಲಿ ನಿಮ್ದ್ಯಾವ್ದು, ರವೆ ಯಾವ್ದು?" ಎಂದು ಕೇಳುತ್ತಾನೆ. ಹಳೆಯದನ್ನು ಬೇರೆಯೇ ಇಡುತ್ತಾನೆ. ಸೋಮಪ್ಪ ಮೊನ್ನೆ ಹೊಸ ಫೋಟೋ ನೋಡಿ, "ಮೀಸೆ ಯಾಕಯ್ಯಾ ಬಿಳಿ ಬಂತು?" ಎಂದು ಜಗಳ ತೆಗೆದ. "ಅದು ನಿಮ್ದೇ ಸಾರ್," ಅಂದ ಕೊಟ್ರಪ್ಪ. ನಾನು ಕೇಳದಿದ್ದರೂ ನನ್ನ ಬೋರ್ಡನ್ನು ಬದಲಾಯಿಸಿದ್ದಾನೆ, ರೊಟ್ಟಿಯ ಮೇಲೆ ಸುಟ್ಟ ಕಲೆಗಳೆಲ್ಲ ತಿರುಗಿ ಬಂದಿವೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಬೋರ್ಡು ನೋಡಿದಾಗ ಮೊದಲಿನಷ್ಟು ಏರುವುದಿಲ್ಲ.

ಬಾಣಂತನ ಮುಗಿಸಿ ಶಿವಲಿಂಗಮ್ಮ ಚಂದಾಪುರಕ್ಕೆ ಬಂದಳು. ಬಸ್ಸಿಳಿದವಳು ನೇರ ಖಾನಾವಳಿಗೆ ಬಂದು ಕೂತಳು. ಸಂಜೆಯಾಗಿತ್ತು, ಒಳಗೆ ಮಬ್ಬು. ಮಗನನ್ನು ಮುಂದೆ ಕೂರಿಸಿಕೊಂಡು ಅವನ ತಲೆಯ ಇನ್ನರ್ಧವನ್ನು, ಫೋಟೋದಲ್ಲಿ ಕಾಣದೆ ಉಳಿದಿದ್ದ ಭಾಗವನ್ನು, ಬೆರಳಿನಿಂದ ಸವರಿ ಸವರಿ ನೋಡಿದಳು. ಎಷ್ಟೋ ಸಲ ತೊಳೆದ ತಲೆ, ಅಲ್ಲಿ ಏನಿರುತ್ತದೆ? ಆದರೂ ನೋಡಿ, ತೃಪ್ತಿಯಾದವಳಂತೆ ಕೈ ತೆಗೆದಳು. ನಾನು ಬಸಿ ತಟ್ಟೆಯ ಮೇಲೆ ಲೋಟವಿಟ್ಟು, ಅದರ ತುಂಬ ಚಹಾ ತಂದೆ. ಕೊಟ್ರಪ್ಪ ಬೀರುವಿನಿಂದ ಕ್ಯಾಮೆರಾ ಹೊರತೆಗೆದು, ಒರೆಸಿ, ಕೊರಳಿಗೆ ಹಾಕಿಕೊಂಡು ಓಡಿಬಂದಿದ್ದ. ಲೈಟು ಹಾಕುತ್ತೇನೆ ಎಂದೂ ಅನ್ನಲಿಲ್ಲ.

ಶಿವಲಿಂಗಮ್ಮ ಲೋಟವನ್ನು ಎತ್ತಿ ಅಳತೆ ನೋಡಿದಳು. "ಅರ್ಧ ಅಲ್ಲಿ ಕುಡದೀನಿ. ಇದರಾಗ ನಂದು ಅರ್ಧಾನ," ಎಂದು ಉಳಿದದ್ದನ್ನು ಬಸಿಗೆ ಸುರಿದು ಕೊಟ್ರಪ್ಪನ ಕಡೆ ಚಾಚಿದಳು. "ತಗೋ. ಅಷ್ಟಾದ್ರೂ ಉಳಿಸೀದಿಯಲ್ಲ."

ಅವನು ಕ್ಯಾಮೆರಾ ಬಿಟ್ಟು ಎರಡೂ ಕೈಯಿಂದ ಬಸಿ ಹಿಡಿದುಕೊಂಡ. ಶಿವಲಿಂಗಮ್ಮ ಕಣ್ಣು ಮುಚ್ಚಿ, ತನ್ನ ಪಾಲಿನ ಚಹಾವನ್ನು ಗುಟುಕು ಗುಟುಕಾಗಿ, ಒಂದು ಹನಿ ಬಿಡದೆ ಕುಡಿದಳು. ಅದರ ಫೋಟೋ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ತೆಗೆಯಬೇಕಾದವನ ಕೈಯಲ್ಲಿ ಬಸಿ ಇತ್ತು.